ವಿಷಯ ಕೊಡಿ ಸಾರ್

ಪಿಂಚಣಿ ಬರಲು ಶುರುವಾದ ಮೇಲೆ ಊರಿನವರೇ ಮನುಷ್ಯನಿಗೊಂದು ಕೆಲಸ ಹುಡುಕಿಕೊಡುತ್ತಾರೆ. ಕೆಲವರಿಗೆ ದೇವಸ್ಥಾನದ ಸಮಿತಿ, ಕೆಲವರಿಗೆ ಬಡಾವಣೆಯ ನೀರಿನ ಜಗಳ. ನನ್ನ ಪಾಲಿಗೆ ಬಂದದ್ದು ವಿಷಯ ಕೊಡುವ ಕೆಲಸ. ನಂಜನಗೂಡು ಮತ್ತು ಟಿ. ನರಸೀಪುರದ ಬರೆಯುವ ಹುಚ್ಚಿನವರೆಲ್ಲ ಸೇರಿ ಒಂದು ಬಳಗ ಮಾಡಿಕೊಂಡಿದ್ದಾರೆ. ಗೊಬ್ಬರದ ಅಂಗಡಿಯವರು, ಬಸ್ ಕಂಡಕ್ಟರ್, ಬಿ.ಎಡ್. ಓದುವ ಹುಡುಗಿ, ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರ್, ಹಲ್ಲು ಕೀಳುವುದಕ್ಕಿಂತ ಗಜಲ್ ಬರೆಯುವುದರಲ್ಲಿ ಹೆಚ್ಚು ಆಸಕ್ತಿಯಿರುವ ಡಾಕ್ಟರು. ಭಾನುವಾರ ನಾನೊಂದು ವಿಷಯ ಕೊಡಬೇಕು, ಮುಂದಿನ ಭಾನುವಾರ ಅವರು ಬರೆದು ತರಬೇಕು. ಸಭೆ ಒಮ್ಮೆ ನಂಜನಗೂಡಿನ ಕಪಿಲೆಯ ಸ್ನಾನಘಟ್ಟದ ಮೇಲೆ, ಇನ್ನೊಮ್ಮೆ ಅದೇ ಕಪಿಲೆ ಹೋಗಿ ಕಾವೇರಿಯನ್ನು ಕೂಡುವ ನರಸೀಪುರದ ಸಂಗಮದಲ್ಲಿ.

ವಿಷಯ ಕೊಡದಿದ್ದರೆ ಇವರಿಗೆ ಬರೆಯಲು ಆಗುವುದಿಲ್ಲವಂತೆ. ಬಸ್ಸಿನಲ್ಲಿ ಬರುವಾಗ ಇಡೀ ದಾರಿ ಯಾವ ವಿಷಯವೂ ಇಲ್ಲದೆ ಮಾತಾಡುತ್ತಾರೆ. ಕೈಗೆ ಪೆನ್ನು ಬಂದ ತಕ್ಷಣ ‘ವಿಷಯ ಕೊಡಿ ಸಾರ್’ ಎಂದು ಕೂರುತ್ತಾರೆ.

ಮೊದಮೊದಲು ನನ್ನ ಕೆಲಸ ಸಲೀಸಾಗಿತ್ತು. ಡಾಕ್ಟರ ಮಗ ಹೊರದೇಶದಿಂದ ಒಂದು ದಪ್ಪ ಪುಸ್ತಕ ಕಳಿಸಿದ್ದ. ಬರೆಯುವವರಿಗೆಂದೇ ವರ್ಷಪೂರ್ತಿ ದಿನಕ್ಕೊಂದು ವಿಷಯ ಅಚ್ಚು ಹಾಕಿದ ಪುಸ್ತಕ. ಅಲ್ಲಿಂದ ಒಂದನ್ನು ಕನ್ನಡಕ್ಕಿಳಿಸಿ ಕೊಟ್ಟೆ: ‘ಹಿಮ ಸುರಿಯುವ ರಾತ್ರಿ. ನೀವೊಬ್ಬರೇ ಮನೆಯಲ್ಲಿದ್ದೀರಿ. ಯಾರೋ ಬಾಗಿಲು ತಟ್ಟುತ್ತಾರೆ.’ ಗೊಬ್ಬರದ ಅಂಗಡಿಯವರ ಕಥೆಯಲ್ಲಿ ಬಾಗಿಲು ತಟ್ಟಿದವನು ಯೂರಿಯಾ ಸಾಲ ಕೇಳಲು ಬಂದಿದ್ದ. ಮಿಕ್ಕವರ ಕಥೆಗಳಲ್ಲೆಲ್ಲ ದೊಡ್ಡಜಾತ್ರೆಗೆ ಬಂದ ನೆಂಟರೇ ನಿಂತಿದ್ದರು. ಪಂಚಮಹಾರಥ ಎಳೆಯುವ ಊರಿನಲ್ಲಿ ಅದಕ್ಕಿಂತ ಭಯಂಕರವಾದ ಅಪರಾತ್ರಿಯ ಬಾಗಿಲು ಬೇರೆ ಇಲ್ಲ. ಹಿಮದ ಬಗ್ಗೆ ಎಲ್ಲರೂ ಒಂದೊಂದು ಸಾಲು ಬರೆದು ಕೈತೊಳೆದುಕೊಂಡಿದ್ದರು. ‘ನಿರ್ಜನ ದ್ವೀಪಕ್ಕೆ ಒಯ್ಯುವ ಮೂರು ವಸ್ತು’ ಎಂಬ ವಿಷಯಕ್ಕೆ ರೆವಿನ್ಯೂ ಇನ್ಸ್‌ಪೆಕ್ಟರು ರಾಗಿಹಿಟ್ಟು, ನಂಜನಗೂಡು ಹಲ್ಲುಪುಡಿ, ಆಧಾರ್ ಕಾರ್ಡಿನ ಜೆರಾಕ್ಸ್ ಎಂದು ಬರೆದು, ಕೆಳಗೆ ಸಹಿ ಹಾಕಿ ತಾರೀಖು ನಮೂದಿಸಿದ್ದರು.

ಪುಸ್ತಕ ಬದಿಗಿಟ್ಟು ನಮ್ಮವೇ ವಿಷಯಗಳಿಗೆ ಬಂದೆವು. ‘ಅಮ್ಮ’ ಎಂದೆ. ಎಲ್ಲರ ಕವನದಲ್ಲೂ ಒಬ್ಬಳೇ ಅಮ್ಮ ಬಂದಳು. ಸೆರಗಿನಲ್ಲಿ ಬೆವರು ಒರೆಸಿದಳು, ಒಲೆಯ ಮುಂದೆ ಬೆಂದಳು, ಮಾತಾಡದೆ ದೀಪವಾಗಿ ಉರಿದಳು. ಕಂಡಕ್ಟರ್‌ನ ತಾಯಿಯನ್ನು ನಾನು ಬಲ್ಲೆ. ಆಕೆ ದನಿ ಎತ್ತಿದರೆ ಬೀದಿಯ ನಾಯಿಗಳು ಮುಂದಿನ ಬೀದಿಗೆ ಹೋಗುತ್ತವೆ. ಅಂಥವರನ್ನೂ ಮಗ ಮೌನದ ದೀಪ ಮಾಡಿಟ್ಟಿದ್ದ. ‘ಮಳೆ’ ಎಂದರೆ ಎಲ್ಲರಿಗೂ ಒಂದೇ ಮೋಡ. ‘ರಸಬಾಳೆ’ ಎಂದರೆ ಎಲ್ಲರಿಗೂ ಬಾಲ್ಯ, ಅಜ್ಜಿ, ಮನೆತುಂಬ ಘಮಘಮ.

ಇದಕ್ಕೆ ಮೂಲ ನಮ್ಮ ಶಾಲೆಯಲ್ಲೇ ಇದೆ. ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ‘ಈ ಗಾದೆಗಳಲ್ಲಿ ಒಂದನ್ನು ವಿಸ್ತರಿಸಿ’ ಎಂದು ಬರುತ್ತದಲ್ಲ, ಈ ನಾಡಿನಲ್ಲಿ ಎಲ್ಲರೂ ಬರೆದ ಮೊದಲ ಸೃಜನಶೀಲ ಬರಹ ಅದೇ. ಗಾದೆ ಯಾವುದೇ ಇರಲಿ, ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಶುರುಮಾಡಿದರೆ ಅರ್ಧ ಅಂಕ ಖಾತ್ರಿ. ಪತ್ರಲೇಖನಕ್ಕೆ ‘ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿರುತ್ತೇನೆ’. ಆತ್ಮಕಥೆಗೆ ಹರಿದ ನೋಟು, ಮುರಿದ ಕುರ್ಚಿ. ನಿರ್ಜೀವ ವಸ್ತುವಿನ ಬಾಯಲ್ಲಿ ಮಾತಾಡಿಸುವುದು ತಮಾಷೆಯ ಕೆಲಸವಲ್ಲ. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ‘ಕುಸುಮಬಾಲೆ’ಯಲ್ಲಿ ದೀಪದ ಜೋತಮ್ಮಂದಿರನ್ನು ಕೂಡಿಸಿ ಮಾತಾಡಿಸಿದ್ದಾರೆ. ಅವು ಪರೀಕ್ಷೆಗೆ ಓದಿಕೊಂಡು ಬಂದ ದೀಪಗಳಲ್ಲ, ಈ ನೆಲದ ಮಾತನ್ನು ರಾತ್ರಿಯೆಲ್ಲ ಕೇಳಿಸಿಕೊಂಡವು. ನಮ್ಮ ಬಳಗದ ಮುರಿದ ಕುರ್ಚಿಗಳೋ, ಹತ್ತನೇ ತರಗತಿ ಪಾಸಾದವು.

ಆಗ ನನಗೆ ನೆನಪಾದದ್ದು ಅವಧಾನ. ಶತಾವಧಾನಿ ಆರ್. ಗಣೇಶರ ಅಷ್ಟಾವಧಾನ ನೋಡಿದವರಿಗೆ ಗೊತ್ತು, ಅಲ್ಲಿ ವಿಷಯ ಕೊಡುವವರು ಹೂವಿನ ಹಾರ ಹಿಡಿದು ಬಂದವರಲ್ಲ, ಕಾಲು ಅಡ್ಡ ಕೊಡಲು ಬಂದವರು. ನಿಷೇಧಾಕ್ಷರಿಯ ಪೃಚ್ಛಕರು ಒಂದೊಂದು ಅಕ್ಷರಕ್ಕೂ ‘ಇದನ್ನು ಬಳಸಕೂಡದು’ ಎನ್ನುತ್ತಾರೆ. ದತ್ತಪದಿಯವರು ಬಸ್ಸು, ಕಾರು, ಲಾರಿ, ರೈಲು ಎಂಬಂಥ ನಾಲ್ಕು ಪದ ಎಸೆದು, ಇವಿಷ್ಟನ್ನೂ ಸೇರಿಸಿ ದ್ರೌಪದಿಯ ಮೇಲೆ ಪದ್ಯ ಹೇಳಿ ಎಂದು ನೆಮ್ಮದಿಯಾಗಿ ಕೂರುತ್ತಾರೆ. ಸಮಸ್ಯೆಯವರು ಅರ್ಥವೇ ಇಲ್ಲದ ಕೊನೆಯ ಸಾಲು ಕೊಟ್ಟು ಮೇಲಿನದನ್ನು ತುಂಬಿ ಎನ್ನುತ್ತಾರೆ. ಭೋಜರಾಜ ಬರೀ ಠಕಾರವೇ ತುಂಬಿದ ಸಾಲು ಕೊಟ್ಟಾಗ ಕಾಳಿದಾಸ ಅದನ್ನು ಹುಡುಗಿಯ ಕೈಜಾರಿದ ಚಿನ್ನದ ಕೊಡ ಮೆಟ್ಟಿಲಿಳಿಯುವ ಸದ್ದು ಮಾಡಿದನೆಂಬ ಕಥೆ ಎಲ್ಲರಿಗೂ ಗೊತ್ತು. ಭೋಜ ‘ನಿನಗಿಷ್ಟವಾದ ವಿಷಯದ ಮೇಲೆ ಬರಿಯಪ್ಪ’ ಎಂದಿದ್ದರೆ ಕಾಳಿದಾಸನೂ ಅಮ್ಮನ ಮೇಲೆ ಬರೆಯುತ್ತಿದ್ದ. ಇನ್ನು ಅಪ್ರಸ್ತುತಪ್ರಸಂಗಿ ಎಂದು ಒಬ್ಬರಿರುತ್ತಾರೆ, ಸಂಬಂಧವಿಲ್ಲದ ಪ್ರಶ್ನೆ ಕೇಳಿ ಅವಧಾನಿಯ ಏಕಾಗ್ರತೆ ಕೆಡಿಸುವುದೇ ಅವರ ಕೆಲಸ. ನಮ್ಮ ಬಳಗದಲ್ಲಿ ಆ ಸ್ಥಾನಕ್ಕೆ ಪೈಪೋಟಿ ಇದೆ.

ಬರೆಯುವವರಿಗೆ ಬೇಕಾದದ್ದು ಸ್ಫೂರ್ತಿಯಲ್ಲ, ಅಡ್ಡಗಾಲು ಎಂದು ನಾನು ತೀರ್ಮಾನಿಸಿದ್ದು ಹೀಗೆ. ಸಾಕ್ಷಿಗೆ ದೂರ ಹೋಗಬೇಕಾಗಿಲ್ಲ. ನರಸೀಪುರದ ಸಂಗಮದಲ್ಲಿ ಅಗಸ್ತ್ಯೇಶ್ವರನಿದ್ದಾನೆ. ಅಗಸ್ತ್ಯರು ಲಿಂಗ ತರಲು ಹನುಮಂತನನ್ನು ಕಾಶಿಗೆ ಕಳಿಸಿದರಂತೆ. ಹನುಮಂತ ತಡಮಾಡಿದ. ಮುಹೂರ್ತ ಮೀರುತ್ತಿತ್ತು. ಋಷಿ ಕಾಲಬುಡದ ಮರಳನ್ನೇ ಬಾಚಿ ಲಿಂಗ ಮಾಡಿ ಪ್ರತಿಷ್ಠಾಪನೆ ಮುಗಿಸಿಬಿಟ್ಟರು. ಕೊನೆಯ ದಿನಾಂಕದ ಮಹಿಮೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೆ? ಆಮೇಲೆ ಬಂದ ಹನುಮಂತ ಸಿಟ್ಟಾದಾಗ, ಅವನು ತಂದದ್ದನ್ನೂ ಬೇರೆ ಕಡೆ ಸ್ಥಾಪಿಸಿ ಸಮಾಧಾನ ಮಾಡಿದರಂತೆ. ತಡವಾಗಿ ಬಂದ ಲೇಖನವನ್ನು ಮುಂದಿನ ಸಂಚಿಕೆಗೆ ಹಾಕುವ ಸಂಪಾದಕರ ಪದ್ಧತಿ ಅಷ್ಟು ಹಳೆಯದು.

ಅದೇ ಊರಿನಲ್ಲಿ 1895ರಲ್ಲಿ ಹುಟ್ಟಿದವರು ಪಿಟೀಲು ಚೌಡಯ್ಯ. ಕಚೇರಿಗಳಿಗೆ ಮೈಕು ಇನ್ನೂ ಬಾರದ ಕಾಲ. ಜನ ತುಂಬಿದ ಸಭೆಯಲ್ಲಿ ಹಿಂದಿನ ಸಾಲಿಗೆ ಪಿಟೀಲು ಕೇಳುವುದಿಲ್ಲ. ಬೇರೆಯವರಾಗಿದ್ದರೆ ವ್ಯವಸ್ಥಾಪಕರನ್ನು ಬೈದು ಸುಮ್ಮನಾಗುತ್ತಿದ್ದರು. ಚೌಡಯ್ಯನವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಬಿಗಿದು ಏಳು ಮಾಡಿಕೊಂಡರು. ಹಿಂದಿನ ಸಾಲು ಕಿವುಡಾಗಿದ್ದದ್ದೇ ಅವರಿಗೆ ಸಿಕ್ಕ ವಿಷಯ.

ಇನ್ನೊಬ್ಬ ಗುರು ಗುಂಜಾ ನರಸಿಂಹಸ್ವಾಮಿ. ದೇವರು ಕೈಯಲ್ಲಿ ಗುಲಗಂಜಿ ಹಿಡಿದಿದ್ದಾನೆ, ಏಕೆಂದರೆ ನರಸೀಪುರ ಕಾಶಿಗಿಂತ ಒಂದು ಗುಲಗಂಜಿ ತೂಕದಷ್ಟು ಹೆಚ್ಚು ಪವಿತ್ರ ಎಂಬುದು ಸ್ಥಳಪುರಾಣ. ಈ ಪುರಾಣ ಕಟ್ಟಿದವನು ಯಾರೋ, ಅವನ ಕಾಲಿಗೆ ಬೀಳಬೇಕು. ‘ಕಾಶಿಗಿಂತ ನೂರು ಪಟ್ಟು’ ಎಂದಿದ್ದರೆ ಕಾಶಿಯವರಿರಲಿ, ಪಕ್ಕದ ನಂಜನಗೂಡಿನವರೇ ನಂಬುತ್ತಿರಲಿಲ್ಲ. ಒಂದೇ ಗುಲಗಂಜಿ ಎಂದದ್ದರಿಂದ ತಕ್ಕಡಿ ಹಿಡಿದು ತೂಗಿಯೇ ಹೇಳಿದ್ದಾನೆ ಎನಿಸುತ್ತದೆ. ‘ಅಪಾರ’, ‘ಅನನ್ಯ’, ‘ಅವರ್ಣನೀಯ’ ಎಂದು ಬರೆಯುವ ನಮ್ಮ ಡಾಕ್ಟರನ್ನು ಆ ದೇವಸ್ಥಾನಕ್ಕೆ ಕಳಿಸಿ ಗುಲಗಂಜಿ ನೋಡಿ ಬನ್ನಿ ಎಂದೆ. ಹೋಗಿ ಬಂದು ‘ಅವರ್ಣನೀಯ ಗುಲಗಂಜಿ’ ಎಂದು ಒಂದು ಗಜಲ್ ಬರೆದರು.

ಇರಲಿ. ಮುಂದಿನ ವಾರದಿಂದ ನಾನು ವಿಷಯದ ಜೊತೆಗೆ ನಿಷೇಧವನ್ನೂ ಕೊಡತೊಡಗಿದೆ. ಕಂಡಕ್ಟರ್‌ಗೆ ಹೇಳಿದೆ: ‘ನಿನ್ನ ಕೆಲಸದ ಬಗ್ಗೆಯೇ ಬರಿ. ಟಿಕೆಟ್, ಚಿಲ್ಲರೆ, ಸೀಟಿ ಈ ಮೂರು ಮಾತು ಬರಕೂಡದು.’

‘ಅಯ್ಯೋ ಬುಡಿ ಸಾ, ಚಿಲ್ರೆ ಅನ್ನಂಗಿಲ್ಲ, ಟಿಕೆಟ್ ಅನ್ನಂಗಿಲ್ಲ ಅಂದ್ರೆ ಇನ್ನು ಬಸ್ಸಲ್ಲಿ ಉಳ್ದದ್ದಾದ್ರೂ ಏನು? ನಾನೊಬ್ನೇಯ.’

‘ಅದನ್ನೇ ಬರಿ ಮಾರಾಯ.’

ಬರೆದ. ದಿನವಿಡೀ ಓಡುವ ಬಸ್ಸಿನಲ್ಲಿ ನಿಂತು ನಿಂತು ಅವನ ಕಾಲಿಗೆ ಅಲುಗದ ನೆಲವೆಂದರೆ ಅನುಮಾನವಂತೆ. ರಾತ್ರಿ ಮಂಚದ ಕಂಬಿ ಹಿಡಿದೇ ಮಲಗುತ್ತಾನೆ. ಹೆಂಡತಿ ‘ಸ್ವಲ್ಪ ಸರೀರಿ’ ಎಂದರೆ ನಿದ್ದೆಗಣ್ಣಿನಲ್ಲೇ ‘ಒಳಗ್ ಹೋಗಿ, ಮುಂದೆ ಜಾಗ ಐತೆ’ ಎನ್ನುತ್ತಾನೆ. ಬಳಗದವರು ನಕ್ಕು ನಕ್ಕು ಸ್ನಾನಘಟ್ಟದ ಮೆಟ್ಟಿಲಿನಿಂದ ಜಾರುವುದೊಂದು ಬಾಕಿ.

ರಸಬಾಳೆಯನ್ನು ಮತ್ತೆ ಕೊಟ್ಟೆ. ಅಜ್ಜಿ, ಬಾಲ್ಯ, ಘಮ ಮೂರಕ್ಕೂ ಪ್ರವೇಶವಿಲ್ಲ. ಹಿರಿಯರು ದೊಡ್ಡ ಗಲಾಟೆಯನ್ನೇ ಮಾಡಿದರು. ಅಜ್ಜಿಯಿಲ್ಲದ ರಸಬಾಳೆ ಪಚ್ಚಬಾಳೆಗೆ ಸಮ ಎಂದರು. ಬಿ.ಎಡ್. ಹುಡುಗಿ ಮಾತ್ರ ಸುಮ್ಮನೆ ಹೋಗಿ ಸೊರಗು ರೋಗದ ಬಾಯಲ್ಲಿ ಒಂದು ಸ್ವಗತ ಬರೆದು ತಂದಳು. ದೇವರಸನಹಳ್ಳಿ ಸುತ್ತಿನ ತೋಟಗಳಲ್ಲಿ ಘನವಾಗಿ ಬೆಳೆದು, ಭೌಗೋಳಿಕ ಸೂಚಿಕೆಯ ಮಾನ್ಯತೆಯನ್ನೂ ಪಡೆದ ಹಣ್ಣು ಇವತ್ತು ಅಪರೂಪವಾಗಿರುವುದಕ್ಕೆ ದೊಡ್ಡ ಕಾರಣ ಈ ರೋಗ. ಅದರ ಶಿಲೀಂಧ್ರ ಗಿಡ ಸತ್ತರೂ ಸಾಯುವುದಿಲ್ಲ, ಬಾಡಿಗೆ ಕೊಡದೆ ಮನೆಯನ್ನೂ ಬಿಡದವನ ಹಾಗೆ ಮಣ್ಣಿನಲ್ಲೇ ವರ್ಷಗಟ್ಟಲೆ ಕೂರುತ್ತದೆ. ‘ನೀವು ಮತ್ತೆ ನೆಡುತ್ತೀರಿ, ನನಗೆ ಗೊತ್ತು, ನನಗೇನೂ ಅವಸರವಿಲ್ಲ’ ಎಂದು ಅವಳ ಶಿಲೀಂಧ್ರ ಹೇಳುತ್ತಿತ್ತು. ಕೇಳಿದವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ರೆವಿನ್ಯೂ ಇನ್ಸ್‌ಪೆಕ್ಟರೇ ಮೊದಲು ಚೇತರಿಸಿಕೊಂಡು, ‘ಇಷ್ಟು ವರ್ಷ ಸ್ವಾಧೀನದಲ್ಲಿದ್ದರೆ ಪಹಣಿಗೆ ಅದರ ಹೆಸರನ್ನೇ ಏರಿಸಬೇಕಾಗುತ್ತದೆ’ ಎಂದರು.

ಈ ಅಡ್ಡಗಾಲಿನ ವಾದವನ್ನು ತೀರ ಎಳೆದಾಡಬಾರದು ಎಂಬುದನ್ನೂ ಹೇಳಬೇಕು. 1913 ನಂಜನಗೂಡಿಗೆ ಒಳ್ಳೆಯ ವರ್ಷ. ಊರಿಗೆ ಹಲ್ಲುಪುಡಿಯ ಕೀರ್ತಿ ತಂದ ಬಿ.ವಿ. ಪಂಡಿತರ ಸದ್ವೈದ್ಯಶಾಲೆ ಶುರುವಾದದ್ದು ಆಗ. ನಂಜನಗೂಡು ತಿರುಮಲಾಂಬ ತಮ್ಮ ‘ಸತೀಹಿತೈಷಿಣಿ’ ಗ್ರಂಥಮಾಲೆ ಶುರುಮಾಡಿದ್ದೂ ಆಗಲೇ. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಹೆಣ್ಣುಮಗಳು, ತಂದೆಯ ಪ್ರೋತ್ಸಾಹವೊಂದನ್ನು ನೆಚ್ಚಿ ಕಾದಂಬರಿ ಬರೆದು, ಪ್ರಕಟಿಸಿ, ಮುಂದೆ ಪತ್ರಿಕೆಯ ಸಂಪಾದಕಿಯೂ ಆದರು. ಅವರಿಗೆ ‘ವಿಷಯ’ ಕೊಟ್ಟವರು ಯಾರೂ ಇಲ್ಲ. ಬರೆಯಬೇಡ ಎನ್ನಲು ಇಡೀ ಕಾಲವೇ ಸಾಲುಗಟ್ಟಿ ನಿಂತಿತ್ತು. ಅಂಥ ಅಡ್ಡಗಾಲನ್ನು ಭಾನುವಾರದ ಆಟಕ್ಕೆ ಹೋಲಿಸುವುದು ಅವಿವೇಕ. ಬಳಗದಲ್ಲಿ ಯಾರಾದರೂ ‘ಮನೆಕೆಲಸದಲ್ಲಿ ಬರೆಯಲು ಪುರುಸೊತ್ತಾಗಲಿಲ್ಲ’ ಎಂದರೆ, ಹೇಳಿದವರು ಹೆಂಗಸಾದರೆ ನಾನು ನಂಬುತ್ತೇನೆ. ಗಂಡಸಾದರೆ ತಿರುಮಲಾಂಬ ಅವರ ಹೆಸರು ಹೇಳುತ್ತೇನೆ.

ಈಗ ನನ್ನದೇ ಒಂದು ತಾಪತ್ರಯ. ನಿಷೇಧ ಕೊಟ್ಟಷ್ಟೂ ಬಳಗದವರು ಹುಷಾರಾಗುತ್ತಿದ್ದಾರೆ. ‘ಸಾಲ’ ಎನ್ನಬಾರದೆಂದರೆ ಗೊಬ್ಬರದ ಅಂಗಡಿಯವರು ‘ನೆನಪಿನ ಪುಸ್ತಕದಲ್ಲಿ ಬರೆದುಕೊಂಡ ಬಾಂಧವ್ಯ’ ಎನ್ನುತ್ತಾರೆ. ತಲಕಾಡಿನ ಮರಳು ಕೊಟ್ಟು ಅಲಮೇಲಮ್ಮನನ್ನೂ ಶಾಪವನ್ನೂ ನಿಷೇಧಿಸಿದರೆ, ರೆವಿನ್ಯೂ ಇನ್ಸ್‌ಪೆಕ್ಟರು ಮರಳು ಲಾರಿಗಳ ಬಗ್ಗೆ ಸರ್ವೆ ನಂಬರ್ ಸಮೇತ ಬರೆದು ತಂದು, ಓದಿದ ಮೇಲೆ ವಾಪಸು ಇಸಿದುಕೊಂಡು ಜೇಬಿಗಿಟ್ಟುಕೊಳ್ಳುತ್ತಾರೆ. ಡಾಕ್ಟರಿಗೆ ಗಜಲನ್ನೇ ನಿಷೇಧಿಸಿದ ವಾರ ಅವರು ಬರಲೇ ಇಲ್ಲ, ಯಾರದೋ ದವಡೆಹಲ್ಲು ಕೀಳುತ್ತಿದ್ದರೆಂದು ಸುದ್ದಿ. ರೋಗಿಗಳಿಗೆ ಅಷ್ಟಾದರೂ ಲಾಭವಾಯಿತು.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮೂರಿನ ಹಣ್ಣೋ, ಹೊಳೆಯೋ, ಜಾತ್ರೆಯೋ, ತಾಲ್ಲೂಕು ಕಚೇರಿಯ ಮುಂದಿನ ಮರವೋ, ಯಾವುದಾದರೂ ಒಂದು ವಿಷಯ ಬರೆದು ಕಳಿಸಿ. ಅದರ ಬಗ್ಗೆ ನಿಮ್ಮೂರಿನವರು ಬಾಯಿ ತೆರೆದರೆ ಮೊದಲು ಬರುವ ಮೂರು ಪದ ಯಾವುವು ಎಂಬುದನ್ನೂ ಕೆಳಗೆ ಬರೆಯಿರಿ. ವಿಷಯ ಕಳೆದುಹೋದರೂ ಚಿಂತೆಯಿಲ್ಲ, ಆ ಮೂರು ಪದ ಮಾತ್ರ ತಪ್ಪದೆ ಕಳಿಸಿ.