ಹೇಮಾವತಿ ದಂಡೆಯ ಸೈಕಲ್ ಶಾಸ್ತ್ರ

ಹೇಮಾವತಿ ಬಲ್ಲಾಳರಾಯನದುರ್ಗದ ಆಸುಪಾಸಿನಲ್ಲಿ ಹುಟ್ಟಿ, ಕೃಷ್ಣರಾಜಸಾಗರದ ಹಿನ್ನೀರು ಸೇರುವ ತನಕ ಸುಮಾರು 245 ಕಿ.ಮೀ. ಹರಿಯುತ್ತದೆ. ಇಷ್ಟರಲ್ಲಿ ನಿಧಾನವಾದ ಸೈಕಲ್ ಪ್ರವಾಸಕ್ಕೆ ಒಗ್ಗುವುದು ಗೊರೂರಿನಿಂದ ಕೆಳಗಿನ ಭಾಗ. ಮೇಲಿನ ಸಕಲೇಶಪುರದ ಏರುಗಳಲ್ಲಿ ಸೈಕಲ್ಲು ಸವಾರನನ್ನು ಹೊರುವುದಕ್ಕಿಂತ ಸವಾರನೇ ಸೈಕಲ್ಲನ್ನು ತಳ್ಳುವುದು ಹೆಚ್ಚು. ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳನ್ನು ಬಳಸಿ ಬರುವ ಸುತ್ತಿನಲ್ಲಿ ಒಂದೂರಿಂದ ಇನ್ನೊಂದೂರಿಗೆ ಹೆಚ್ಚುಕಡಿಮೆ ಮೂವತ್ತು ನಲವತ್ತು ಕಿಲೋಮೀಟರ್. ಕಾಲಿನ ಲೆಕ್ಕದಲ್ಲಿ ಇದು ಎರಡು ಮೂರು ಗಂಟೆಯ ದಾರಿ, ಕಣಿವೆಯ ಲೆಕ್ಕದಲ್ಲಿ ಒಂದು ಹಗಲು. ಈ ವ್ಯತ್ಯಾಸಕ್ಕೆ ಸವಾರ ಕಾರಣನಲ್ಲ.

ಸೈಕಲ್ ಪ್ರವಾಸಕ್ಕೆಂದೇ ಇಂಗ್ಲೆಂಡಿನಲ್ಲಿ 1878ರಲ್ಲೇ ಒಂದು ಕ್ಲಬ್ಬು ಹುಟ್ಟಿತು. ಆ ನಾಡಿನ ಅನೇಕ ಹೊಳೆ, ಕಾಲುವೆಗಳ ಪಕ್ಕದಲ್ಲೇ ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ಸಮತಟ್ಟಾದ ದಾರಿಗಳಿವೆ. ಹೇಮಾವತಿಯ ಪಕ್ಕದಲ್ಲಿ ಅಂಥದ್ದಿಲ್ಲ. ಮಳೆಗಾಲದ ಹೊಳೆಯನ್ನು ಕಂಡವರು ಹಾಕಿದ ರಸ್ತೆಗಳು ಗೌರವದಿಂದ ದೂರ ನಿಂತು, ದಿಣ್ಣೆಯಿಂದ ದಿಣ್ಣೆಗೆ ಹಾರುತ್ತವೆ. ಪ್ರತಿ ಹಳ್ಳಕ್ಕೂ ಒಂದು ಇಳಿಜಾರು, ಪ್ರತಿ ಇಳಿಜಾರಿಗೂ ಬಡ್ಡಿ ಸಮೇತ ಒಂದು ಏರು. ಸಮತಟ್ಟು ಬೇಕಾದವರಿಗೆ ಇರುವುದು ನಾಲೆ ಏರಿ. ಗೊರೂರು ಅಣೆಕಟ್ಟೆಯ ಎಡದಂಡೆ, ಬಲದಂಡೆ, ಬಲಮೇಲ್ದಂಡೆ ನಾಲೆಗಳೂ, ಅವುಗಳಿಗಿಂತ ಹಳೆಯ ಶ್ರೀರಾಮದೇವರ ಕಟ್ಟೆಯ ನಾಲೆಗಳೂ ನೀರು ಎಲ್ಲಿಯೂ ಏರಲಾರದು ಎಂಬ ಒಂದೇ ನಿಯಮಕ್ಕೆ ಬದ್ಧವಾಗಿ ದಿಣ್ಣೆಗಳನ್ನು ಬಳಸಿ ಹೋಗುತ್ತವೆ. ನೀರಿನ ಈ ಸೋಮಾರಿತನ ಸವಾರನಿಗೆ ವರ. ಏರಿಯ ಮೇಲೆ ಟಾರು ಇರಬಹುದು, ಜಲ್ಲಿ ಇರಬಹುದು, ಎದುರಿಗೆ ಎಮ್ಮೆಗಳಿರಬಹುದು. ಎಮ್ಮೆಗಳು ಬೆಲ್ಲಿಗೆ ಜಗ್ಗುವುದಿಲ್ಲ.

ಸಲಕರಣೆಯ ವಿಷಯದಲ್ಲಿ ಕಣಿವೆಗೆ ತನ್ನದೇ ನಿಲುವಿದೆ. ಹುಲ್ಲಿನ ಹೊರೆ, ಡೇರಿಗೆ ಹೋಗುವ ಹಾಲಿನ ಕ್ಯಾನು, ತೆಂಗಿನಕಾಯಿ ಚೀಲ, ಇವುಗಳಲ್ಲಿ ಒಂದನ್ನಾದರೂ ಹೊರದ ಸೈಕಲ್ಲು ಇಲ್ಲಿ ಸೈಕಲ್ಲೇ ಅಲ್ಲ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಹಂಚಲು ಶುರುಮಾಡಿದ ಸೈಕಲ್ಲುಗಳು ಕೂಡ ಬಹಳ ಬೇಗ ಅಪ್ಪಂದಿರ ಪಾಲಾಗಿ ಹುಲ್ಲು ಹೊತ್ತವು. ಇಂಥ ಕಡೆ ಕ್ಯಾರಿಯರ್ ಇಲ್ಲದ, ಸ್ಟ್ಯಾಂಡೂ ಇಲ್ಲದ, ಮಡ್‌ಗಾರ್ಡನ್ನಂತೂ ಬೇಕೆಂದೇ ಬಿಟ್ಟಿರುವ ಗೇರಿನ ಸೈಕಲ್ಲನ್ನು ಕಂಡರೆ ಮೊದಲು ಹುಟ್ಟುವುದು ಕನಿಕರ. ಬೆಲೆ ಕೇಳಿದ ಮೇಲೆ ಕನಿಕರ ಸವಾರನ ಕಡೆಗೆ ತಿರುಗುತ್ತದೆ: “ಅಷ್ಟು ದುಡ್ಡಿಗೆ ಒಂದು ಸೀಮೆಹಸು ಬರ್ತಿತ್ತಲ್ಲ ಸ್ವಾಮಿ.” ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನ ತೊಟ್ಟಿಗೆ ಅದ್ದಿ ಗುಳ್ಳೆ ಹುಡುಕಿ, ಸಲ್ಯೂಷನ್ ಹಚ್ಚುವವರೆಗೂ ಎಲ್ಲ ಸರಿ. ಗಾಳಿ ಹೊಡೆಯುವಾಗ ಮಾತ್ರ ಕಡ್ಡಿಯಂಥ ಪರದೇಶಿ ವಾಲ್ವಿಗೆ ಅಂಗಡಿಯ ಪಂಪು ಹೊಂದುವುದಿಲ್ಲ. ಆಗ ಸೇರುವ ನಾಲ್ಕು ಜನರ ಸಲಹೆಗೆ ಒಂದು ಗಂಟೆಯನ್ನು ಪ್ರತ್ಯೇಕವಾಗಿ ತೆಗೆದಿಡಬೇಕು.

ವಿಚಾರಣೆಗೆ ಗೊತ್ತಾದ ಕ್ರಮವೊಂದಿದೆ. “ಯಾವೂರಾಯ್ತು?” “ಎಲ್ಲಿಗೋಗ್ತಿದ್ದೀರಾ?” “ಅಲ್ಲೇನು ಕೆಲ್ಸ?” ಮೊದಲ ಎರಡಕ್ಕೆ ಉತ್ತರ ಸುಲಭ. ಮೂರನೆಯದಕ್ಕೆ “ಸುಮ್ನೆ” ಎಂದವನ ಮೇಲೆ ಅನುಮಾನ ಖಾತ್ರಿ. ಸುಮ್ಮನೆ ಬಿಸಿಲಲ್ಲಿ ಸೈಕಲ್ ತುಳಿಯುವ ಮನುಷ್ಯನನ್ನು ಈ ಸೀಮೆ ಇನ್ನೂ ಒಪ್ಪಿಲ್ಲ. ಸರ್ವೆಯವನೋ, ಜಮೀನು ನೋಡಲು ಬಂದವನೋ ಆಗಿರಬೇಕು. ಹರಕೆ ಎಂದರೆ ತಕ್ಷಣ ಮರ್ಯಾದೆ, ಮಜ್ಜಿಗೆ ಎರಡೂ ಸಿಗುತ್ತವೆ. ಶಿವರಾತ್ರಿಗೆ ಹಾಸನದ ಮೇಲೆ ಧರ್ಮಸ್ಥಳಕ್ಕೆ ನಡೆದು ಹೋಗುವವರನ್ನು ಕಂಡು ಗೊತ್ತಿರುವ ಜನ ಅದನ್ನು ಸಲೀಸಾಗಿ ನಂಬುತ್ತಾರೆ. ಸವಾರ ಪೂರ್ವಕ್ಕೆ ಹೊರಟಿರುವುದು ಅವರ ಗಮನಕ್ಕೆ ಬಾರದಂತೆ ನೋಡಿಕೊಂಡರಾಯಿತು.

ಹಾಸನದಿಂದ ಗೊರೂರಿನ ಕಡೆಗೆ ಹೊರಟರೆ ಮೊದಲ ನಿಲುಗಡೆ ಶೆಟ್ಟಿಹಳ್ಳಿ. ಇಲ್ಲಿ 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ರೋಸರಿ ಚರ್ಚು 1979ರಲ್ಲಿ ಅಣೆಕಟ್ಟೆ ಮುಗಿದಂದಿನಿಂದ ವರ್ಷದಲ್ಲಿ ಕೆಲವು ತಿಂಗಳು ಹಿನ್ನೀರಿನಲ್ಲಿ ನಿಂತಿರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಸೈಕಲ್ಲನ್ನು ನೇರವಾಗಿ ಗೋಡೆಯ ತನಕ ಓಡಿಸಬಹುದು. ಆದರೆ ಅಲ್ಲಿ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿಗಳ ಸರದಿ ಇರುತ್ತದೆ. ಸಪೂರ ಸೈಕಲ್ಲು ಕಂಡರೆ ಫೋಟೋಗ್ರಾಫರು ಅರ್ಧ ಗಂಟೆ ಎರವಲು ಕೇಳುವ ಸಂಭವವೂ ಉಂಟು. ಗೊರೂರಿನ ಅಣೆಕಟ್ಟೆಯ ಉದ್ದ ನಾಲ್ಕೂವರೆ ಕಿಲೋಮೀಟರಿಗೂ ಮಿಗಿಲು. ಇಡೀ ಕಣಿವೆಯಲ್ಲಿ ಇಷ್ಟು ಸಮನಾದ ದಾರಿ ಬೇರೆಲ್ಲೂ ಕಾಣದು, ಕಾವಲಿನವರು ಬಿಡಬೇಕಷ್ಟೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು (1904–1991) ಇಲ್ಲಿಯವರು. ಇದೇ ಹೊಳೆಯ ಕೆಳಗಿನ ಅಕ್ಕಿಹೆಬ್ಬಾಳಿನಲ್ಲಿ ಎ.ಎನ್. ಮೂರ್ತಿರಾವ್ ಹುಟ್ಟಿದರು (1900–2003). ಕನ್ನಡದ ಹಗುರ ಗದ್ಯದ ಇಬ್ಬರು ದೊಡ್ಡವರನ್ನು ಒಂದೇ ನದಿ ಕೊಟ್ಟದ್ದು ಕಾಕತಾಳೀಯವಿರಲಾರದು. ಅವಸರವಿರುವ ದಂಡೆಯಲ್ಲಿ ಇಂಥ ಬರವಣಿಗೆ ಬೆಳೆಯುವುದಿಲ್ಲ.

ಹೊಳೆ ದಾಟಿ ಅರಕಲಗೂಡು. ಮುಂಗಾರಿಗೆ ಮುಂಚೆ ಇಲ್ಲಿ ಸವಾರ ದಾರಿ ಬಿಡಬೇಕಾದುದು ಪಂಜಾಬಿನ ಜಲಂಧರದಿಂದ ಬಂದ ಬಿತ್ತನೆ ಆಲೂಗೆಡ್ಡೆಗೆ. ಅಷ್ಟು ದೂರದಿಂದ ಬಂದ ಗೆಡ್ಡೆ ಅಷ್ಟೇ ಅವಸರದಲ್ಲಿರುತ್ತದೆ. ದಕ್ಷಿಣಕ್ಕೆ ಇಳಿದರೆ ಹೊಗೆಸೊಪ್ಪಿನ ಬ್ಯಾರನ್ನುಗಳನ್ನು ದಾಟಿ ಕಾವೇರಿ ದಂಡೆಯ ರಾಮನಾಥಪುರ. ಅಲ್ಲಿ ವಹ್ನಿಪುಷ್ಕರಿಣಿಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ, ಎಲ್ಲರೂ ಪುರಿ ಹಾಕುತ್ತಾರೆ. ಆ ಮೀನುಗಳ ಮೈಕಟ್ಟು ನೋಡಿದವರಿಗೆ ವ್ಯಾಯಾಮದ ಮೇಲಿನ ನಂಬಿಕೆ ಸ್ವಲ್ಪ ಅಲುಗಾಡುತ್ತದೆ.

ಹಳ್ಳಿಮೈಸೂರಿನ ಮೇಲೆ ಹೊಳೆನರಸೀಪುರಕ್ಕೆ ಹೋಗುವಾಗ, ಅದರಲ್ಲೂ ಡಿಸೆಂಬರ್ ಜನವರಿಯಲ್ಲಿ, ಒಕ್ಕಣೆಯ ವಿಚಾರ ತಿಳಿದಿರುವುದು ಅಗತ್ಯ. ಕಣಗಳು ಕಡಿಮೆಯಾಗಿ ಟಾರು ರಸ್ತೆಯೇ ಕಣವಾಗಿದೆ. ಹುರುಳಿ, ರಾಗಿ ಹುಲ್ಲನ್ನು ಮೊಣಕಾಲೆತ್ತರ ಹರಡಿ, ಬಸ್ಸು ಲಾರಿಗಳು ತುಳಿದು ಕಾಳು ಬಿಡಿಸಲೆಂದು ಮನೆಯವರು ಮರದಡಿ ಕಾಯುತ್ತಾರೆ. ಬಸ್ಸು ಹೋದರೆ ಮುಖ ಅರಳುತ್ತದೆ, ಟಿಪ್ಪರ್ ಹೋದರಂತೂ ಹಬ್ಬ. ಸೈಕಲ್ಲು ಬಂದರೆ ಯಾರೂ ಏಳುವುದಿಲ್ಲ, ಅದರ ಭಾರಕ್ಕೆ ಒಂದು ಸೇರು ಹುರುಳಿಯೂ ಉದುರದು. ಉದುರದಿದ್ದರೂ ಬಳ್ಳಿ ಮಾತ್ರ ಚೈನಿಗೂ ಫ್ರೀವೀಲಿಗೂ ಸುತ್ತಿಕೊಂಡು ಗಾಲಿ ನಿಲ್ಲುತ್ತದೆ. ಸವಾರ ಇಳಿದು, ಕೂತು, ಎಳೆಎಳೆಯಾಗಿ ಬಿಡಿಸುವ ಹೊತ್ತಿಗೆ ಮನೆಯ ಹಿರಿಯರು ಬಂದು ನೆರವಾಗುತ್ತಾರೆ. ಬಿಡಿಸಿದ ಬಳ್ಳಿಯನ್ನು ಕೊಡವಿ, ಕಾಳನ್ನು ರಾಶಿಗೆ ಸೇರಿಸುತ್ತಾರೆ. ಆ ಮಾತುಕತೆ ಊಟಕ್ಕೆ ತಿರುಗಿ, ಮುದ್ದೆ, ಹುರುಳಿಕಾಳಿನ ಬಸ್ಸಾರು ಎಂದಾದರೆ ಆವತ್ತಿನ ಪ್ರಯಾಣ ಮುಗಿಯಿತೆಂದೇ ಲೆಕ್ಕ. ಒಂದು ಮುದ್ದೆಗೆ “ಸಾಕು” ಎಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ, ಎರಡು ಮುದ್ದೆ ಉಂಡವರು ಏರು ಹತ್ತಿದ ದಾಖಲೆ ಇಲ್ಲ. ಹೊಳೆನರಸೀಪುರದ ಲಕ್ಷ್ಮೀನರಸಿಂಹನ ದರ್ಶನ ಸಂಜೆಗೂ ಆಗುತ್ತದೆ.

ಚನ್ನರಾಯಪಟ್ಟಣದ ದಾರಿಯಲ್ಲಿ ನೆಲ ಒಣಗಿ ಬಯಲುಸೀಮೆಯ ತೆಂಗು ಶುರುವಾಗುತ್ತದೆ. ಈ ತಾಲ್ಲೂಕಿನಲ್ಲಿ ಹೇಮಾವತಿಯ ನಾಲೆ ನೀರು ದಿಣ್ಣೆಯ ಉಸಾಬರಿಯೇ ಬೇಡವೆಂದು ಬಾಗೂರು-ನವಿಲೆ ಸುರಂಗಕ್ಕೆ ನುಗ್ಗಿ ತುಮಕೂರಿನ ಕಡೆಗೆ ಹೋಗಿಬಿಡುತ್ತದೆ. ಸವಾರನಿಗೆ ಆ ಅನುಕೂಲವಿಲ್ಲ, ಅವನು ದಿಣ್ಣೆಯ ಮೇಲೆಯೇ ಹೋಗಬೇಕು. ನುಗ್ಗೇಹಳ್ಳಿಯ ಹೊಯ್ಸಳ ದೇವಾಲಯದಲ್ಲಿ (1246) ಬೈಚೋಜ, ಮಲ್ಲಿತಮ್ಮರ ಕೆತ್ತನೆಯಿದೆ, ನೆರಳೂ ಇದೆ. ಶ್ರವಣಬೆಳಗೊಳದ ವಿಷಯ ಬೇರೆ. ದಿನವಿಡೀ ತುಳಿದ ಕಾಲಿಗೆ ಅಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳು ಕಾದಿರುತ್ತವೆ. 981ರಿಂದ ನಿಂತೇ ಇರುವ 58 ಅಡಿಯ ಗೊಮ್ಮಟನ ಮುಂದೆ ಕಾಲುನೋವಿನ ಮಾತೆತ್ತಲು ಯಾರಿಗೂ ಮುಖವಿರುವುದಿಲ್ಲ.

ಹಾಸನಕ್ಕೆ ಹಿಂದಿರುಗುವ ಸುಮಾರು 38 ಕಿ.ಮೀ. ಹೆದ್ದಾರಿಯದು, ಮುಖ ಪಶ್ಚಿಮಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಅದೇ ಪಶ್ಚಿಮದಿಂದ ಎದೆಗೆ ಬೀಸುವುದರಿಂದ, ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕಾಗುತ್ತದೆ. ಶಾಂತಿಗ್ರಾಮದ ಟೋಲಿನಲ್ಲಿ ಸೈಕಲ್ಲಿಗೆ ಸುಂಕವಿಲ್ಲ ಎಂಬುದೊಂದೇ ಸಮಾಧಾನ. ರೈಲು ಇದೆಯಾದರೂ ಸೈಕಲ್ಲನ್ನು ಲಗೇಜಿಗೆ ಹಾಕುವ ಕಾಗದ ಪತ್ರ ಮುಗಿಯುವ ತನಕ ರೈಲು ಕಾಯುವುದಿಲ್ಲ. ಅನುಭವಸ್ಥರು ಹಿಡಿಯುವ ದಾರಿ ತೆಂಗಿನಕಾಯಿ ಇಳಿಸಿ ಖಾಲಿ ಹೊರಟ ಗೂಡ್ಸ್ ಟೆಂಪೊ. ಬಾಡಿಗೆ ಮಾತಾಡುವಾಗ ಸೈಕಲ್ಲಿಗೆಷ್ಟು, ತುಳಿಯುವವನಿಗೆಷ್ಟು ಎಂದು ಬೇರೆಬೇರೆ ಕೇಳುವುದು ರೂಢಿ. ಸೈಕಲ್ಲಿನದೇ ಹೆಚ್ಚು.