ಇಲ್ಲ ಎನ್ನಲಾರದ ಬಫರ್

ಮೆಮೊರಿ ಚಿಪ್ ಅಗ್ಗವಾದಂದಿನಿಂದ ನೆಟ್‌ವರ್ಕ್ ಸಾಧನ ಮಾಡುವವರಿಗೆ ವಿಪರೀತ ಕರುಣೆ ಬಂದುಬಿಟ್ಟಿದೆ. ಡೇಟಾದ ಒಂದೇ ಒಂದು ಪ್ಯಾಕೆಟ್ಟನ್ನೂ ಕೈಬಿಡಲು ಅವರಿಗೆ ಮನಸ್ಸಾಗದು. ಬಂದಿದ್ದನ್ನೆಲ್ಲ ಒಳಗೆ ಕರೆದು ಬಫರ್ ಎಂಬ ಸಾಲಿನಲ್ಲಿ ನಿಲ್ಲಿಸುತ್ತಾರೆ. ಮುಂದಕ್ಕೆ ಕಳಿಸುವುದು ಯಾವಾಗ? ಅಂಥ ಪ್ರಶ್ನೆ ಕೇಳುವವರು ಕೃತಘ್ನರು.

ಬಹಳಷ್ಟು ರೌಟರ್‌ಗಳೊಳಗೆ ಓಡುವ ಲಿನಕ್ಸ್‌ನಲ್ಲಿ ಈ ಸಾಲಿಗೆ ಬಹುಕಾಲ ಇದ್ದ ಮಾಮೂಲಿ ಮಿತಿ 1000 ಪ್ಯಾಕೆಟ್. ಒಂದೊಂದೂ 1500 ಬೈಟ್ ಎಂದು ಹಿಡಿದರೆ ಒಟ್ಟು 1.2 ಕೋಟಿ ಬಿಟ್. ವೈಫೈ ಸೆಕೆಂಡಿಗೆ 300 ಮೆಗಾಬಿಟ್ ಓಡುತ್ತಿದ್ದರೆ 40 ಮಿಲಿಸೆಕೆಂಡಿನಲ್ಲಿ ಸಾಲು ಖಾಲಿ. ಲ್ಯಾಪ್‌ಟಾಪ್ ಎತ್ತಿಕೊಂಡು ಎರಡು ಗೋಡೆ ದಾಟಿ ಹಿತ್ತಿಲಿಗೆ ಹೋದಿರಿ, ವೇಗ 1 ಮೆಗಾಬಿಟ್ಟಿಗೆ ಇಳಿಯಿತು ಅನ್ನಿ. ಅದೇ ಸಾಲು ಕರಗಲು 12 ಸೆಕೆಂಡ್ ಬೇಕು. ಅಷ್ಟರಲ್ಲಿ ವಿಡಿಯೊ ಕಾಲ್‌ನ ಆ ತುದಿಯ ಅತ್ತೆ ನಾಲ್ಕು ಸಲ ಹಲೋ ಎಂದು, ಕಾಲ್ ಕಟ್ ಮಾಡಿ, "ಅಳಿಯಂದ್ರಿಗೆ ನಮ್ಮ ಹತ್ರ ಮಾತಾಡೋಕೆ ಇಷ್ಟ ಇಲ್ಲ" ಎಂದು ತೀರ್ಮಾನವನ್ನೂ ಕೊಟ್ಟಾಗಿರುತ್ತದೆ. ಇದು ಮೇಲಿನ ಸಾಲಿನ ಲೆಕ್ಕ ಮಾತ್ರ. ಅದರ ಕೆಳಗೆ ವೈಫೈ ಡ್ರೈವರ್ ತನ್ನದೇ ಒಂದು ಸಾಲು ಇಟ್ಟುಕೊಂಡಿರುತ್ತದೆ, ಅದರಡಿಯಲ್ಲಿ ಚಿಪ್ಪಿನದು ಮತ್ತೊಂದು. ಉಪಕಾರ ಮಾಡುವುದರಲ್ಲಿ ಯಾರೂ ಹಿಂದೆ ಬಿದ್ದಿಲ್ಲ.

ಆದರೆ ಪ್ಯಾಕೆಟ್ ಬೀಳುವುದು ಇಂಟರ್‌ನೆಟ್ಟಿಗೆ ರೋಗವಲ್ಲ, ಸುದ್ದಿ. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ 400 ಗಜ ಆಚೆಯ ವಿಶ್ವವಿದ್ಯಾಲಯಕ್ಕೂ ನಡುವಿನ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ ಬರೀ 40 ಬಿಟ್ಟಿಗೆ ಕುಸಿದಿತ್ತು. ನಡೆದುಕೊಂಡೇ ಹೋಗಿ ಓದಿ ಹೇಳಿ ಬರಬಹುದಿತ್ತು. ಆಗ ಅದೇ ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ ಕೊಟ್ಟ ಮದ್ದು ಇಷ್ಟೇ: ಪ್ಯಾಕೆಟ್ ಬಿತ್ತೆಂದರೆ ದಾರಿ ಕಿಕ್ಕಿರಿದಿದೆ ಎಂದು ತಿಳಿದು, ಕಳಿಸುವವನು ನಿಧಾನಿಸಬೇಕು. ಬೀಳಲೇ ಬಿಡದ ಬಫರ್ ಈ ಸುದ್ದಿಯನ್ನೇ ಮುಚ್ಚಿಡುತ್ತದೆ. ಕಳಿಸುವವನು ಎಲ್ಲ ಸಲೀಸು ಎಂದುಕೊಂಡು ಇನ್ನಷ್ಟು ತುರುಕುತ್ತಾನೆ.

2010ರ ಕೊನೆಯ ಹೊತ್ತಿಗೆ ಜಿಮ್ ಗೆಟ್ಟಿಸ್ ಎಂಬ ಪ್ರೋಗ್ರಾಮರ್ ತಮ್ಮ ಮನೆಯ ಇಂಟರ್‌ನೆಟ್ಟನ್ನೇ ಅಳೆದು ನೋಡಿ ಈ ಬೊಜ್ಜಿಗೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. ಮರುವರ್ಷ ಜಾನ್ ಲಿನ್ವಿಲ್ ಲಿನಕ್ಸ್ ವೈಫೈಗೆ ಒಂದು ಪ್ಯಾಚ್ ಬರೆದರು. ಒಂದು ಪ್ಯಾಕೆಟ್ ಹೊರಡಲು ಈಗ ಎಷ್ಟು ಹೊತ್ತು ಹಿಡಿಯುತ್ತಿದೆ ಎಂದು ಅಳೆದು, ಸಾಲನ್ನು ಅದಕ್ಕೆ ತಕ್ಕಂತೆ ಹಿಗ್ಗಿಸುವುದು, ಕುಗ್ಗಿಸುವುದು. ಹಿತ್ತಿಲಿಗೆ ಹೋದರೆ ಸಾಲು ಚಿಕ್ಕದು, ರೌಟರ್ ಪಕ್ಕ ಕೂತರೆ ಉದ್ದ. 2012ರಲ್ಲಿ ಜೇಕಬ್ಸನ್ ಮತ್ತು ಕ್ಯಾಥಲೀನ್ ನಿಕೋಲ್ಸ್ ಕೋಡೆಲ್ ಎಂಬ ವಿಧಾನ ತಂದರು. ಅದು ತಲೆ ಎಣಿಸುವುದಿಲ್ಲ, ಕಾದ ಹೊತ್ತು ನೋಡುತ್ತದೆ: 100 ಮಿಲಿಸೆಕೆಂಡ್ ಉದ್ದಕ್ಕೂ ಕಾಯುವಿಕೆ 5 ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯಲೇ ಇಲ್ಲವೆಂದರೆ ಒಂದನ್ನು ಬೀಳಿಸುತ್ತದೆ. ವೈಫೈ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಹತ್ತಾರು ಪ್ಯಾಕೆಟ್ ಕಟ್ಟಿ ಒಟ್ಟಿಗೆ ಕಳಿಸುವುದು ಅದರ ಕ್ರಮ, ಹಾಗಾಗಿ ಡ್ರೈವರ್ ಕೈಯಲ್ಲಿ ಒಂದಿಷ್ಟು ದಾಸ್ತಾನು ಬೇಕೇ ಬೇಕು. ಕೊನೆಗೆ 2020ರ ಲಿನಕ್ಸ್ 5.5ರಲ್ಲಿ ಆ ದಾಸ್ತಾನಿಗೂ ಲಗಾಮು ಬಿತ್ತು, ಎಷ್ಟು ಪ್ಯಾಕೆಟ್ ಎಂದಲ್ಲ, ಕಳಿಸಲು ಎಷ್ಟು ಹೊತ್ತು ಬೇಕು ಎಂಬ ಲೆಕ್ಕದಲ್ಲಿ.

ಇದೆಲ್ಲ ಪುಕ್ಕಟೆ ಸಿಗುವ ಕೋಡ್. ಅದೇ ತೊಂದರೆ. ಬೀಳಿಸುವ ಜಾಣ್ಮೆಯನ್ನು ಡಬ್ಬದ ಮೇಲೆ ಅಚ್ಚು ಹಾಕಿ ಮಾರುವುದು ಹೇಗೆ? "ನಮ್ಮ ರೌಟರ್ ಕೊಂಡರೆ ನಿಮ್ಮ ಪ್ಯಾಕೆಟ್ ಬೀಳುತ್ತದೆ" ಎಂದರೆ ಯಾರು ದುಡ್ಡು ಬಿಚ್ಚುತ್ತಾರೆ? ಆರು ಆಂಟೆನಾ ನಿಲ್ಲಿಸಿ, ಕೆಂಪು ದೀಪ ಹಚ್ಚಿ, ಗೇಮಿಂಗ್ ಎಂದು ಬರೆದರೆ ಬಿಚ್ಚುತ್ತಾರೆ. ಒಳಗೆ ಓಡುವ ಲಿನಕ್ಸ್ ಯಾವ ಕಾಲದ್ದು ಎಂದು ಅಂಗಡಿಯವನಿಗೂ ಗೊತ್ತಿಲ್ಲ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಪರಿಹಾರ ಸಿದ್ಧ: "300 ಮೆಗಾಬಿಟ್ ಪ್ಲಾನ್ ತಗೊಳ್ಳಿ ಸರ್." ತಗೊಂಡರೆ ಮನೆಯ ಹಲವೆಡೆ ಫೈಬರ್ ವೈಫೈಗಿಂತ ಜೋರಾಗುತ್ತದೆ, ಅಲ್ಲಿಯವರೆಗೆ ಕಂಪನಿಯ ತಂತಿಯಲ್ಲಿ ನಿಂತಿದ್ದ ಸಾಲು ನಿಮ್ಮ ಮನೆಯ ರೌಟರಿನೊಳಕ್ಕೆ ಬಂದು ನಿಲ್ಲುತ್ತದೆ. ಇನ್ನು ಮೇಲೆ ಕಂಪನಿಯ ಮೇಲೆ ದೂರು ಹೇಳುವಂತೆಯೂ ಇಲ್ಲ.