ಪರದೇಶದ ಉಸಾಬರಿ

"ಮುಳುಗುವುದು ನರ್ಮದಾ ಕಣಿವೆ, ಟೋಕಿಯೋದವರಿಗೇಕೆ ಉಸಾಬರಿ?" ಎಂದರು ರಾಯರು. ರಾಯರೇ, ನರ್ಮದೆಯ ಸರ್ದಾರ್ ಸರೋವರ ಅಣೆಕಟ್ಟಿಗೆ ವಿಶ್ವಬ್ಯಾಂಕಿನ ಸಾಲ, ಜಪಾನಿನ ಟರ್ಬೈನ್ ದುಡ್ಡು ಬಂದಾಗ ನಿಮಗದು ಪರದೇಶ ಅನ್ನಿಸಲಿಲ್ಲ. ಪ್ರಶ್ನೆ ಅದೇ ದಾರಿಯಲ್ಲಿ ಬಂದಾಗ ಮಾತ್ರ ವಿದೇಶಿ ಕೈವಾಡ! ಮುಳುಗಡೆಯ ಹಳ್ಳಿ ಮಣಿಬೇಲಿಯ ಆದಿವಾಸಿಗೆ ತೆರೆಯದ ಬಾಗಿಲು, ಸಾಲ ಕೊಡುವ ದೇಶದಲ್ಲಿ ತೆರಿಗೆ ಕಟ್ಟುವವನಿಗೆ ತೆರೆಯುತ್ತದೆ. 1990ರಲ್ಲಿ ಜಪಾನು ಹಿಂದೆ ಸರಿಯಿತು. 1992ರಲ್ಲಿ ವಿಶ್ವಬ್ಯಾಂಕೇ ನೇಮಿಸಿದ ಮೋರ್ಸ್ ಸಮಿತಿ ಪುನರ್ವಸತಿಯ ಹುಳುಕು ಬಿಚ್ಚಿಟ್ಟಿತು. 1993ರಲ್ಲಿ ಭಾರತವೇ ಬ್ಯಾಂಕಿನ ಉಳಿದ ಸಾಲ ಬೇಡವೆಂದಿತು.

"ಆದರೂ ಅಣೆಕಟ್ಟು ಎದ್ದಿತಲ್ಲ!" ಎದ್ದಿತು, ಒಪ್ಪಿದೆ. ದೂರದವರು ಸಾಲ ತಡೆದಾರು, ಕಾಂಕ್ರೀಟನ್ನಲ್ಲ. ಕಣಿವೆಯ ಜನ ಕದಲದೆ ಕೂರದಿದ್ದರೆ ದೂರದವರ ಪತ್ರಗಳು ಬರೀ ಶಾಯಿ. ಆದರೂ ಬ್ಯಾಂಕು ತನ್ನ ಮೇಲೇ ತಪಾಸಣಾ ಮಂಡಳಿ ಕೂರಿಸಿಕೊಂಡದ್ದು ಆ ಗದ್ದಲದ ಬೆನ್ನಿಗೇ.

"ಎಲ್ಲ ಬೂಟಾಟಿಕೆ," ಎಂದು ಗೊಣಗಿದ ರಾಯರು, ಬೀದಿಯ ಚರಂಡಿ ವಿಚಾರವಾಗಿ ಮುಖ್ಯಮಂತ್ರಿಗೆ ಈಮೇಲ್ ಹಾಕೆಂದು ಅಮೆರಿಕದ ಮಗನಿಗೆ ಫೋನು ಹಚ್ಚಿದರು.